ಕಲಾವಿದರ ಮನೆಯಲ್ಲಿ ಏನು ನೋಡಬೇಕು?

ಪ್ರಶ್ನೆ: ನಾನು ಬ್ಲಫ್ ಬಳಿಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಹಲಗೂರು, ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವಾಗ ಕಗ್ಗಲೀಪುರ ದಾಟಿದ ಮೇಲೆ ತಾತಗುಣಿಯ ರೋರಿಕ್ ಎಸ್ಟೇಟ್ ಸಿಗುತ್ತದೆ. ಮಕ್ಕಳಿಗೆ ಅದನ್ನು ತೋರಿಸುವ ಆಸೆ. ಹೇಗೆ ತಯಾರಿ ಮಾಡಿಕೊಳ್ಳಲಿ?
– ಶಿಕ್ಷಕಿ, ಬ್ಲಫ್, ಮಳವಳ್ಳಿ ತಾಲ್ಲೂಕು

ಉತ್ತರ: ಮೊದಲು ಚಿತ್ರ, ಆಮೇಲೆ ಮನೆ. ಚಿತ್ರ ನೋಡದೆ ಮನೆ ನೋಡಿದರೆ ಮಕ್ಕಳ ಕಣ್ಣಿಗೆ ಬೀಳುವುದು ಹಳೆಯ ಕಟ್ಟಡ ಮಾತ್ರ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ತಂದೆ ನಿಕೊಲಾಸ್ ರೋರಿಕ್ ಇಬ್ಬರ ಕೃತಿಗಳೂ ಇವೆ. ಅಲ್ಲಿಂದಲೇ ಪ್ರವಾಸ ಶುರುಮಾಡಿ.

ಸ್ವೆತೊಸ್ಲಾವ್ 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. 1945ರಲ್ಲಿ ಚಿತ್ರನಟಿ ದೇವಿಕಾರಾಣಿಯವರನ್ನು ಮದುವೆಯಾಗಿ, ಮುಂದೆ ತಾತಗುಣಿಯಲ್ಲಿ ನೆಲೆಸಿದರು. ಸುಮಾರು 468 ಎಕರೆಯ ಆ ತೋಟದಲ್ಲಿ ಸುಗಂಧ ತೈಲಕ್ಕಾಗಿ ಲಿನಾಲೋ ಮರಗಳನ್ನು ಬೆಳೆಸಿದರು. ಬಣ್ಣ, ಮರ, ತೈಲ ಎಲ್ಲವೂ ಒಂದೇ ಬದುಕಿನ ಭಾಗವಾಗಿದ್ದವು ಎಂಬುದು ಮಕ್ಕಳಿಗೆ ಅರ್ಥವಾದರೆ ಅರ್ಧ ಪ್ರವಾಸ ಸಾರ್ಥಕ.

ಇನ್ನರ್ಧ, ಬೆಳಕು. ಸ್ಟುಡಿಯೋಗೆ ಉತ್ತರದ ಕಿಟಕಿ ಒಳ್ಳೆಯದೆಂದು ಯುರೋಪಿನ ಪುಸ್ತಕಗಳು ಹೇಳುತ್ತವೆ, ಅಲ್ಲಿ ಆ ಕಡೆಯಿಂದ ನೇರ ಬಿಸಿಲು ಒಳಗೆ ಬೀಳುವುದು ತೀರ ಕಡಿಮೆ. ನಮ್ಮ ಸೀಮೆಯಲ್ಲಿ ಆ ಮಾತು ವರ್ಷವಿಡೀ ನಡೆಯದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಇಲ್ಲಿ ಚಿತ್ರ ಬರೆಯುವವರಿಗೆ ಕಿಟಕಿಯಷ್ಟೇ ಸೂರು, ಜಗಲಿ, ಹೊರಗಿನ ಮರದ ನೆರಳೂ ಮುಖ್ಯ. ಹೊರಡುವ ಮುನ್ನ ತರಗತಿಯ ಕಿಟಕಿಯ ಬಳಿ ಒಂದು ಬಿಂದಿಗೆ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆಸಿ. ಆ ಮಕ್ಕಳು ಯಾವ ಕಲಾವಿದರ ಕೋಣೆಗೆ ಕಾಲಿಟ್ಟರೂ ಮೊದಲು ಕಿಟಕಿಯನ್ನೇ ಹುಡುಕುತ್ತಾರೆ.

ಯಾವ ಚಿತ್ರವನ್ನೂ ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ಹೇಳಿ. ರೋರಿಕ್ ಟೆಂಪೆರಾದಲ್ಲೂ ಬರೆದವರು. ಮೊಟ್ಟೆಯ ಲೋಳೆ ಅಥವಾ ಅಂಟಿನಲ್ಲಿ ಕಲಸಿದ ಆ ಬಣ್ಣಕ್ಕೆ ಬೆರಳಿನ ಪಸೆಯೂ ಶತ್ರು.

ಪ್ರಶ್ನೆ: ಸತ್ತವರ ಕುರ್ಚಿ, ಕುಂಚ ಕಾಯಲು ಸರ್ಕಾರದ ಹಣ ಏಕೆ? ಚಿತ್ರಗಳನ್ನು ನಗರದ ಗ್ಯಾಲರಿಯಲ್ಲಿಟ್ಟರೆ ಸಾಲದೇ?
– ನಿವೃತ್ತ ನೌಕರ, ಮಳವಳ್ಳಿ

ಉತ್ತರ: ಸಾಲದು ಸ್ವಾಮಿ. 1902ರಿಂದ ವಿದ್ಯುತ್ ಕೊಟ್ಟ ಶಿವನಸಮುದ್ರದ ಯಂತ್ರವೊಂದನ್ನು ಬೆಂಗಳೂರಿನ ಹಜಾರದಲ್ಲಿ ನಿಲ್ಲಿಸಿದರೆ ಕಬ್ಬಿಣ ಕಾಣುತ್ತದೆ, ನೀರು ಧುಮುಕುವ ಎತ್ತರ ಕಾಣುವುದಿಲ್ಲ. ಕಲಾವಿದರ ಕೋಣೆಯೂ ಹಾಗೆಯೇ. ಕ್ಯಾನ್ವಾಸಿನಿಂದ ಎಷ್ಟು ಹೆಜ್ಜೆ ಹಿಂದೆ ಸರಿಯಲು ಜಾಗವಿತ್ತು, ತಲೆಯೆತ್ತಿದರೆ ಏನು ಕಾಣುತ್ತಿತ್ತು ಎಂಬುದನ್ನು ಗ್ಯಾಲರಿಯ ಬಿಳಿ ಗೋಡೆ ಹೇಳಲಾರದು.

ಕೆ. ವೆಂಕಟಪ್ಪನವರ ವಿಷಯ ನೋಡಿ. ಅವನೀಂದ್ರನಾಥ ಟ್ಯಾಗೋರರ ಶಿಷ್ಯರು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರು. ಅವರ ಹೆಸರಿನ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿ 1975ರಲ್ಲಿ ಆಯಿತು. ಅಲ್ಲಿ ಚಿತ್ರಗಳಿವೆ, ಪ್ಲಾಸ್ಟರಿನ ಉಬ್ಬುಶಿಲ್ಪಗಳಿವೆ. ಆದರೆ ಅವರು ದಿನಗಟ್ಟಲೆ ಕುಳಿತ ಮೂಲೆಯನ್ನು ಅದು ಕೊಡಲಾರದು. ಹಿಮಾಚಲದ ನಗ್ಗರ್‌ನಲ್ಲಿ ಹಿರಿಯ ರೋರಿಕ್ ಅವರ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಅವರು ಬರೆದ ಬೆಟ್ಟಗಳು ಇಂದಿಗೂ ಮನೆಯ ಎದುರಿಗೇ ಇವೆ.

ತಾತಗುಣಿಗೂ ಆ ಯೋಗ್ಯತೆ ಇದೆ. ಸ್ವೆತೊಸ್ಲಾವ್ 1993ರ ಜನವರಿಯಲ್ಲಿ, ದೇವಿಕಾರಾಣಿ 1994ರ ಮಾರ್ಚಿನಲ್ಲಿ ತೀರಿಕೊಂಡರು. ಎಸ್ಟೇಟನ್ನು ವಶಕ್ಕೆ ಪಡೆಯಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆಯನ್ನೇ ಮಾಡಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2011ರಲ್ಲಿ. ವ್ಯಾಜ್ಯ ನಡೆದ ವರ್ಷಗಳಲ್ಲಿ ಗೆದ್ದಲು, ತೇವ ಯಾವ ತಡೆಯಾಜ್ಞೆಗೂ ಕಾಯುವುದಿಲ್ಲ. ಸಾರ್ವಜನಿಕರ ಹೆಸರಿನಲ್ಲಿ ಪಡೆದ ಆಸ್ತಿಯನ್ನು ಸಾರ್ವಜನಿಕರಿಗೆ ಚೆನ್ನಾಗಿ ತೋರಿಸುವುದು ಸರ್ಕಾರದ ಕರ್ತವ್ಯ, ಖರ್ಚಲ್ಲ.

ನೀವೂ ಆ ಶಿಕ್ಷಕಿಯೂ ಒಂದೇ ತಾಲ್ಲೂಕಿನವರು. ಭೇಟಿಗೆ ಅನುಮತಿ ಕೋರಿ ಎಸ್ಟೇಟಿನ ಮಂಡಳಿಗೆ ಶಾಲೆಯಿಂದ ಮುಂಚಿತವಾಗಿ ಪತ್ರ ಹೋಗಲಿ. ಅದರ ಜೊತೆಗೆ ನಿಮ್ಮದೂ ಒಂದು ಪತ್ರ ಇರಲಿ.