ಬಾಣಂತಿಯ ಕೋಣೆಗೆ ಬಿಸಿಲು

ಬಾಣಂತಿಗೆ ಗಾಳಿ ಸೋಕಬಾರದೆಂದು ಕದ ಕಿಟಕಿಗಳನ್ನು ಮುಚ್ಚಿ, ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಸುತ್ತಿ ಉಪಚರಿಸುವ ಹಿರಿಯರ ವಾತ್ಸಲ್ಯವು ಪೂಜ್ಯವಾದುದೇ ಸರಿ. ಆದರೆ ಆ ಕೋಣೆಗೆ ಬಿಸಿಲೂ ಬಾರದೆಂಬುದು ನನ್ನ ಮನಸ್ಸನ್ನು ಬಾಧಿಸುತ್ತದೆ. ವಿಟಮಿನ್ ಡಿ ಎಂಬ ಸತ್ತ್ವವು ಬಹುಮಟ್ಟಿಗೆ ಸೂರ್ಯರಶ್ಮಿಯು ಚರ್ಮವನ್ನು ಸ್ಪರ್ಶಿಸಿದಾಗಲೇ ದೇಹದಲ್ಲಿ ಉತ್ಪನ್ನವಾಗತಕ್ಕದ್ದು. ಅದರ ಅಭಾವದಲ್ಲಿ ಉಂಡ ರಾಗಿಯ, ಕುಡಿದ ಹಾಲಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸಾಕಷ್ಟು ಸೇರಲಾರದು. ಗರ್ಭಸ್ಥ ಶಿಶುವು ಈ ಸತ್ತ್ವವನ್ನು ತಾಯಿಯಿಂದಲೇ ಪಡೆಯುವುದರಿಂದ ಆಕೆಯ ಕೊರತೆಯು ಮಗುವಿನ ಕೊರತೆಯೂ ಆಗುವುದು.

ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಬೇಕೆಂಬುದು ಸಾಮಾನ್ಯವಾದ ಲೆಕ್ಕ. ಕರಾವಳಿಯವರಿಗೆ ಬೂತಾಯಿ, ಬಂಗುಡೆಗಳಿಂದಲೂ, ಉಳಿದವರಿಗೆ ಮೊಟ್ಟೆಯ ಹಳದಿಯಿಂದಲೂ ಒಂದಿಷ್ಟು ದೊರೆತೀತು. ಸಸ್ಯಾಹಾರಿಗಳಿಗೆ ಊಟದಿಂದ ದೊರೆಯುವುದು ಅತ್ಯಲ್ಪ. ಆದುದರಿಂದ ಬಿಸಿಲೇ ಬೇಕು; ಆದರೆ ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ಈ ಸತ್ತ್ವವನ್ನು ಉಂಟುಮಾಡುವ ಕಿರಣಗಳನ್ನೇ ಗಾಜು ತಡೆಯುವುದು. ಏರುಹೊತ್ತಿನ ಬಿಸಿಲಿನಲ್ಲಿ, ಮೈ ಸುಡದಷ್ಟು ಹೊತ್ತು, ಕೈಕಾಲುಗಳನ್ನು ತೆರೆದು ಕುಳಿತಿರಬೇಕು. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು.

ಎದೆಹಾಲಿಗೆ ಸಮಾನವಾದ ಆಹಾರ ಶಿಶುವಿಗೆ ಬೇರೊಂದಿಲ್ಲ. ಆದರೂ ಅದರಲ್ಲಿ ಈ ಸತ್ತ್ವ ಅಲ್ಪ. ಆದುದರಿಂದಲೇ ಮಕ್ಕಳ ವೈದ್ಯರು ಮೊದಲ ವರ್ಷದುದ್ದಕ್ಕೂ ಮಗುವಿಗೆ ದಿನಕ್ಕೆ 400 ಯೂನಿಟ್ಟಿನ ಹನಿಯನ್ನು ವಿಧಿಸುವರು. ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ವ್ಯಾಧಿಯನ್ನು ಈ ಹನಿ ತಡೆಯಬಲ್ಲದು. ತಾಯಂದಿರೇ, ಅದನ್ನು ತಪ್ಪಿಸಬೇಡಿರಿ. ಅಂಗಡಿಯಲ್ಲಿ ದೊರೆಯುವ 60,000 ಯೂನಿಟ್ಟಿನ ಪುಡಿಯನ್ನಾದರೋ ನೆರೆಯವರ ಮಾತು ಕೇಳಿ ಸೇವಿಸದಿರಿ: ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳಿಗೆ ಹಾನಿಯಾದೀತು, ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ.