ಎಂಜಲು, ಉಳಿಕೆ, ಕೂಳೆ: ಉಳಿದುದರ ಪದಗಳು

ಉಳಿದುದನ್ನೆಲ್ಲ ಕನ್ನಡವು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಬಾಯಿ ತಗುಲಿದ್ದು ಎಂಜಲು. ಹಿಂದಿನ ರಾತ್ರಿಯ ಅನ್ನ ತಂಗಳು. ರಸ ಹಿಂಡಿದ ಮೇಲಿನದು ಹಿಪ್ಪೆ. ಎಣ್ಣೆ ತೆಗೆದ ಮೇಲಿನದು ಹಿಂಡಿ. ದೇವರಿಗೆ ಏರಿಸಿ ತೆಗೆದ ಹೂವು ನಿರ್ಮಾಲ್ಯ. ಲೆಕ್ಕದಲ್ಲಿ ಉಳಿದ ಹಣ ಶಿಲ್ಕು. ಉಳಿದ ವಸ್ತು ಯಾವುದು ಎಂಬುದರೊಡನೆ, ಅದು ಹೇಗೆ ಮತ್ತು ಯಾರಿಂದ ಉಳಿಯಿತು ಎಂಬುದೂ ಪದವನ್ನು ನಿರ್ಣಯಿಸುತ್ತದೆ.

ಇದನ್ನು ಪರಿಶೀಲಿಸಲು ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಪ್ರದೇಶವು ಒಳ್ಳೆಯ ಕ್ಷೇತ್ರ. ಅಲ್ಲಿನ ಕಪ್ಪಿಲಿಯರ್, ಅನುಪ್ಪರ್ ಎಂಬ ಕೃಷಿಕ ಸಮುದಾಯಗಳ ಮನೆಮಾತು ಕನ್ನಡ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವರನ್ನು ಕನ್ನಡ ನುಡಿಯುವ ಬೇಸಾಯಗಾರರೆಂದೇ ದಾಖಲಿಸಿದ್ದಾನೆ. ಶಾಲೆ, ಸಂತೆ, ಕಚೇರಿಗಳ ಭಾಷೆ ತಮಿಳಾದುದರಿಂದ ಎರಡು ನುಡಿಗಳ ಸೋದರ ಪದಗಳು ಅಲ್ಲಿ ಎದುರುಬದುರಾಗುತ್ತವೆ.

ತಮಿಳಿನ ‘ಎಂಜು’ ಧಾತುವಿಗೆ ‘ಉಳಿ’ ಎಂದರ್ಥ. ಅದಕ್ಕೆ ಸಂಬಂಧಿಸಿದ ‘ಎಚ್ಚಿಲ್’ ಎಂದರೆ ಎಂಜಲು. ‘ಎಚ್ಚಂ’ ಎಂದರೆ ಶೇಷ. ‘ಮಾಡಿದ’, ‘ಮಾಡಿ’ ಎಂಬಂತಹ ರೂಪಗಳು ಅರ್ಥಪೂರ್ತಿಗೆ ಮುಂದಿನ ಪದವನ್ನು ಬಯಸುತ್ತವೆ. ಹೇಳುವುದು ಇನ್ನೂ ಉಳಿದಿರುವುದರಿಂದ ತಮಿಳು ವೈಯಾಕರಣರು ಅವನ್ನು ‘ಪೆಯರೆಚ್ಚಂ’, ‘ವಿನೈಯೆಚ್ಚಂ’ ಎಂದು ಕರೆದರು. ಇಂದಿನ ಕನ್ನಡದ ಬಳಕೆಯಲ್ಲಿ ಈ ಕುಟುಂಬದಿಂದ ನಿಂತದ್ದು ‘ಎಂಜಲು’ ಮಾತ್ರ. ಮೈಲಿಗೆಯ ಸೋಂಕಿಲ್ಲದ ಅರ್ಥವನ್ನು ‘ಉಳಿ’, ‘ಮಿಗು’ ಧಾತುಗಳು ಹೊತ್ತವು. ಸಂಸ್ಕೃತದಲ್ಲಿಯೂ ಇದೇ ಕವಲು ಕಾಣುತ್ತದೆ: ‘ಶೇಷ’ ಮತ್ತು ‘ಉಚ್ಛಿಷ್ಟ’ ಒಂದೇ ಧಾತುವಿನವು. ಉಚ್ಛಿಷ್ಟವೇ ಮರಾಠಿಯಲ್ಲಿ ‘ಉಷ್ಟೆ’ ಆಯಿತು.

ಉಳಿದದ್ದು ಎಂಬಷ್ಟೇ ಅರ್ಥದ ಮೂಲದಿಂದ ಬಂದ ಪದ ಹೀಗೆ ಮೇಲುಕೀಳಿನ ಭಾರ ಹೊತ್ತಿತು. ಆ ಭಾರ ನಿಘಂಟಿನಲ್ಲಿ ಮಾತ್ರವೇ ಇಲ್ಲ. ಅನ್ಯರು ಉಂಡ ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನವನ್ನು ತಡೆಯಲು ಕರ್ನಾಟಕವು 2017ರಲ್ಲಿ ಕಾಯ್ದೆಯನ್ನೇ ರೂಪಿಸಬೇಕಾಯಿತು.

ಹಾಗಾದರೆ ಕಂಬಂ ಕಣಿವೆಯ ಕನ್ನಡವನ್ನು ಏನೆಂದು ಕರೆಯಬೇಕು? ತಮಿಳು ಬೆರೆತದ್ದೆಂದು ಅದನ್ನು ಕೆಟ್ಟ ಕನ್ನಡವೆನ್ನುವುದು, ಬಾಯಿ ತಗುಲಿದುದನ್ನು ಎಂಜಲೆಂದು ದೂರವಿಡುವ ದೃಷ್ಟಿಯೇ. ‘ಉಳಿಕೆ’ ಎಂಬುದು ನ್ಯಾಯವಾದ ಮಾತು. ‘ಕೂಳೆ’ ಇನ್ನೂ ಸಮರ್ಪಕ. ಕೊಯ್ಲಿನ ನಂತರ ನೆಲದಲ್ಲಿ ಉಳಿದ ಬುಡವೇ ಕೂಳೆ. ಕಬ್ಬಿನ ಕೂಳೆ ಮತ್ತೆ ಚಿಗುರಿ ಇನ್ನೊಂದು ಬೆಳೆಯನ್ನು ಕೊಡುತ್ತದೆ.

ವಿದ್ಯಾರ್ಥಿಗಳು ತಮ್ಮ ಮನೆ, ಹೊಲ, ಗಾಣ, ಅಂಗಡಿಗಳಿಂದ ಇಂತಹ ಹತ್ತು ಪದಗಳನ್ನು ಸಂಗ್ರಹಿಸಿ, ಪ್ರತಿಯೊಂದರ ಮುಂದೆ ‘ಯಾರಿಂದ ಉಳಿದದ್ದು, ಯಾರಿಗೆ ಸಲ್ಲುವುದು’ ಎಂದು ಬರೆಯಲಿ. ಪದಕೋಶ ಹೇಳದ ಅರ್ಥ ಅಲ್ಲಿ ದೊರೆಯುತ್ತದೆ.