ಟಿಕೆಟ್ಟೂ ಒಂದು ವಾಕ್ಯ: ಪರದೇಶದ ರೈಲುದರಗಳ ಅರ್ಥವಿಚಾರ

ಶ್ರೀಮಠದ ಆಶ್ರಯದಲ್ಲಿ ನಡೆದುಬಂದಿರುವ ನಮ್ಮ ವಿದ್ಯಾಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ಷಟ್‌ಸ್ಥಲದ ವಿಚಾರವನ್ನೋ ಕೇಶಿರಾಜನ ಸೂತ್ರವಿಚಾರವನ್ನೋ ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡಿರುವುದು ಪರದೇಶದ ರೈಲಿನ ಟಿಕೆಟ್ಟನ್ನು. ಇದು ಪಂಡಿತನ ಕೆಲಸವೇ ಎಂದು ಯಾರಾದರೂ ಕೇಳಿದರೆ, ಲೇಖನವನ್ನು ಕೊನೆಯವರೆಗೆ ಓದಿ ತೀರ್ಮಾನಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ.

ಧನಗೆರೆಗಾಗಲಿ, ಕೊಳ್ಳೇಗಾಲಕ್ಕಾಗಲಿ, ಹನೂರು ಯಳಂದೂರುಗಳಿಗಾಗಲಿ ಇಂದಿಗೂ ರೈಲು ಬಂದಿಲ್ಲ. ನಮ್ಮ ಮಕ್ಕಳು ರೈಲನ್ನು ಮೊದಲು ಕಾಣುವುದು ಚಾಮರಾಜನಗರದಲ್ಲಿ, ಇಲ್ಲವೆ ಮೈಸೂರಿನಲ್ಲಿ. ಆದರೂ ಈ ಶಾಲೆಯ ಮಣೆಯ ಮೇಲೆ ಕುಳಿತು ಅಕ್ಷರ ತಿದ್ದಿದವರು ಇಂದು ಇಂಗ್ಲೆಂಡಿನಲ್ಲಿದ್ದಾರೆ, ಜರ್ಮನಿಯಲ್ಲಿದ್ದಾರೆ. ಅವರ ತಂದೆತಾಯಿಗಳು, ರೇಷ್ಮೆಗೂಡು ಬೆಳೆದು ಮಕ್ಕಳನ್ನು ಓದಿಸಿದವರು, ಮೊಮ್ಮಕ್ಕಳ ಮುಖ ನೋಡಲೆಂದು ಆ ದೇಶಗಳಿಗೆ ಹೋಗಿಬರುತ್ತಿದ್ದಾರೆ. ವಿಮಾನ ಹತ್ತಿಸುವವರೂ ಇಳಿಸಿಕೊಳ್ಳುವವರೂ ಇರುತ್ತಾರೆ. ಅಲ್ಲಿಯ ರೈಲನ್ನು ಮಾತ್ರ ಒಂದಲ್ಲ ಒಂದು ದಿನ ತಾವಾಗಿಯೇ ಹತ್ತಬೇಕಾಗುತ್ತದೆ. ಆ ದಿನ ಅವರ ಹಣವೂ ಮಾನವೂ ಹೋಗದಿರಲೆಂಬುದೇ ಈ ಬರಹದ ಉದ್ದೇಶ.

ನನ್ನದೇ ತಪ್ಪು

ಇದೇ ಶಾಲೆಯಲ್ಲಿ ಓದಿದ ನನ್ನ ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾಳೆ. ನಾನೂ ನನ್ನ ಧರ್ಮಪತ್ನಿಯೂ ಅಲ್ಲಿಗೆ ಹೋಗಿದ್ದಾಗ, ಲಂಡನ್ನಿನ ಬಸವೇಶ್ವರ ಪ್ರತಿಮೆಯನ್ನು ನೋಡಬೇಕೆಂದು ಆಸೆಪಟ್ಟೆವು. ಮಗಳು ಮೂರು ವಾರ ಮೊದಲೇ ಎರಡು ಟಿಕೆಟ್ಟುಗಳನ್ನು ಕೊಂಡಿಟ್ಟಿದ್ದಳು. ಹೊರಡುವ ದಿನ ಅವಳಿಗೆ ಕೆಲಸಕ್ಕೆ ರಜೆಯಿರಲಿಲ್ಲ. ನಾವಿಬ್ಬರೇ ನಿಲ್ದಾಣಕ್ಕೆ ಹೋದೆವು. ಹೊತ್ತಿಗೆ ಮುಂಚೆ ಹೋಗಿ ಕೂರುವುದು ನಮ್ಮ ಕಡೆಯ ಒಳ್ಳೆಯ ಅಭ್ಯಾಸವಷ್ಟೆ. ಒಂದು ಗಂಟೆ ಮೊದಲೇ ತಲುಪಿದೆವು. ಲಂಡನ್ನಿಗೆ ಹೋಗುವ ಗಾಡಿಯೊಂದು ಎದುರಿಗೇ ನಿಂತಿತ್ತು. ಊರು ಅದೇ, ದಾರಿ ಅದೇ, ಟಿಕೆಟ್ಟು ಕೈಯಲ್ಲಿದೆ, ಹತ್ತಿ ಕುಳಿತೆವು.

ಟಿಕೆಟ್ಟು ಪರೀಕ್ಷಕರು ಬಂದರು. ನಮ್ಮ ಟಿಕೆಟ್ಟುಗಳನ್ನು ಎರಡು ಸಲ ನೋಡಿ, "ಟಿಕೆಟ್ಟು ಸರಿಯಾಗಿದೆ, ಗಾಡಿ ತಪ್ಪಾಗಿದೆ" ಎಂದು ವಿನಯದಿಂದಲೇ ಹೇಳಿದರು. ನಮ್ಮದು ಒಂದು ಗಂಟೆಯ ಅನಂತರ ಹೊರಡುವ ಗಾಡಿಗೆ ಮಾತ್ರ ಸಲ್ಲುವ ಟಿಕೆಟ್ಟು. ಈ ಗಾಡಿಯಲ್ಲಿ ಅದು ಬರಿಯ ಕಾಗದ. ಇಬ್ಬರಿಗೂ ಪೂರ್ಣದರದ ಹೊಸ ಟಿಕೆಟ್ಟನ್ನು ಕೊಳ್ಳಬೇಕಾಯಿತು. ಮೊದಲು ಕೊಟ್ಟಿದ್ದಕ್ಕಿಂತ ಅದು ಹಲವು ಪಟ್ಟು ಹೆಚ್ಚು. ಮಗಳು ತುರ್ತಿಗೆಂದು ಕೊಟ್ಟಿದ್ದ ಕಾರ್ಡಿನಿಂದ ಹಣ ತೆತ್ತೆ. ಸುತ್ತಲಿನವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿ ಕುಳಿತಿದ್ದೆ.

ಸಂಜೆ ಮಗಳಿಗೆ ವಿಷಯ ತಿಳಿಸಿದಾಗ ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾಜಿ, ಟಿಕೆಟ್ಟಿನ ಮೇಲೆ ಅಡ್ವಾನ್ಸ್ ಅಂತ ಬರೆದಿತ್ತಲ್ಲ, ಓದಲಿಲ್ಲವೇ?" ಓದಿದ್ದೆ. ಆದರೆ ನಮ್ಮೂರಿನಲ್ಲಿ ಅಡ್ವಾನ್ಸ್ ಎಂದರೆ ಮನೆ ಬಾಡಿಗೆಗೋ ಜಮೀನಿನ ಕ್ರಯಕ್ಕೋ ಕೊಡುವ ಮುಂಗಡ. ಹಣವನ್ನು ಮುಂಗಡವಾಗಿ ಕೊಟ್ಟಿದ್ದೇವೆಂದು ಮಾತ್ರ ತಿಳಿದಿದ್ದೆ. ಶಬ್ದಕ್ಕೆ ಯೋಗಾರ್ಥವೊಂದು, ರೂಢ್ಯರ್ಥವೊಂದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಆ ನಾಡಿನ ರೂಢಿಯನ್ನು ವಿಚಾರಿಸದೆ ಹೋದೆ.

ದೂರದ ಬೆಲೆ, ಸ್ವಾತಂತ್ರ್ಯದ ಬೆಲೆ

ನಮ್ಮ ದೇಶದಲ್ಲಿ ರೈಲುದರವು ಮುಖ್ಯವಾಗಿ ಎರಡನ್ನು ಅವಲಂಬಿಸಿದೆ: ಎಷ್ಟು ದೂರ, ಯಾವ ದರ್ಜೆ. ಕಾಯ್ದಿರಿಸಿದ ಟಿಕೆಟ್ಟು ನಮ್ಮಲ್ಲಿಯೂ ಒಂದೇ ಗಾಡಿಗೆ ಸಲ್ಲುವುದು ನಿಜ. ಆದರೆ ಅದನ್ನು ಎರಡು ತಿಂಗಳು ಮುಂಚೆ ಕೊಂಡರೂ ಎರಡು ದಿನ ಮುಂಚೆ ಕೊಂಡರೂ ಸಾಮಾನ್ಯ ಗಾಡಿಗಳಲ್ಲಿ ದರ ಒಂದೇ. ತತ್ಕಾಲ್ ಟಿಕೆಟ್ಟಿಗೆ ಹೆಚ್ಚು ಹಣ ತೆರುತ್ತೇವೆ. 2016ರಿಂದ ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಲ್ಲಿ ಆಸನಗಳು ತುಂಬಿದಂತೆ ದರವೇರುವ ಪದ್ಧತಿಯೂ ಬಂದಿದೆ. ಇವು ನಮ್ಮಲ್ಲಿ ಅಪವಾದಗಳು.

ಪಶ್ಚಿಮದ ಹಲವು ದೇಶಗಳಲ್ಲಿ ಈ ಅಪವಾದವೇ ನಿಯಮ. ಕೊಳ್ಳೇಗಾಲದ ರೇಷ್ಮೆ ಸೀಮೆಯವರಿಗೆ ಇದು ಹೊಸತಲ್ಲ. ಒಂದೇ ಬಗೆಯ ಗೂಡಿಗೆ ಇಂದು ಒಂದು ಧಾರಣೆ, ನಾಳೆ ಮತ್ತೊಂದು. ದೀಪಾವಳಿಯ ಹಿಂದಿನ ದಿನ ಬೆಂಗಳೂರಿನಿಂದ ಹೊರಡುವ ಖಾಸಗಿ ಬಸ್ಸಿನ ದರವನ್ನು ನೆನೆದರೂ ಸಾಕು. ಆದರೆ ರೈಲಿನಲ್ಲಿ ಇನ್ನೊಂದು ವಿಶೇಷವುಂಟು. ಅಲ್ಲಿ ನಾವು ಕೊಳ್ಳುವುದು ದೂರವನ್ನು ಮಾತ್ರವಲ್ಲ, ಸ್ವಾತಂತ್ರ್ಯವನ್ನೂ ಕೊಳ್ಳುತ್ತೇವೆ. ಯಾವ ಗಾಡಿಗಾದರೂ ಹತ್ತುವ, ದಾರಿಯಲ್ಲಿ ಇಳಿದು ಹೋಗುವ, ಬೇಡವೆಂದರೆ ಹಣ ಹಿಂಪಡೆಯುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ದರ ಹೆಚ್ಚು. ಕಟ್ಟುಪಾಡು ಹೆಚ್ಚಿದಷ್ಟೂ ದರ ಕಡಿಮೆ. ಈ ಒಂದು ಸೂತ್ರ ತಿಳಿದರೆ ಉಳಿದುದೆಲ್ಲ ಅದರ ವೃತ್ತಿ.

ಬ್ರಿಟನ್ನಿನ ಮೂರು ಬಗೆ

ಬ್ರಿಟನ್ನಿನ ರೈಲುಗಳು 1948ರಲ್ಲಿ ರಾಷ್ಟ್ರದ ಸ್ವತ್ತಾದವು. 1993ರ ಕಾಯಿದೆಯ ಮೇರೆಗೆ ಅವುಗಳ ಸಂಚಾರ ಅನೇಕ ಕಂಪನಿಗಳ ಕೈಗೆ ಹೋಯಿತು. 2024ರ ಕಾಯಿದೆಯಿಂದಾಗಿ ಅವು ಮತ್ತೆ ಒಂದೊಂದಾಗಿ ಸಾರ್ವಜನಿಕ ಒಡೆತನಕ್ಕೆ ಬರುತ್ತಿವೆ. ಕಂಪನಿಗಳು ಬಗೆಬಗೆಯ ಹೆಸರುಗಳಲ್ಲಿ ಮಾರುತ್ತಿದ್ದ ಟಿಕೆಟ್ಟುಗಳನ್ನು 2008ರಲ್ಲಿ ಮೂರು ಮುಖ್ಯ ಹೆಸರುಗಳಿಗೆ ತಂದರು.

ಮೊದಲನೆಯದು ಎನಿಟೈಮ್. ಹೆಸರೇ ಹೇಳುವಂತೆ, ಯಾವ ಹೊತ್ತಿನ ಗಾಡಿಗಾದರೂ ಹತ್ತಬಹುದು. ಸ್ವಾತಂತ್ರ್ಯ ಅತ್ಯಧಿಕ, ದರವೂ ಅತ್ಯಧಿಕ. ಅಂದು ನಾನು ಗಾಡಿಯೊಳಗೆ ಕೊಂಡದ್ದು ಇದನ್ನೇ.

ಎರಡನೆಯದು ಆಫ್-ಪೀಕ್. ಪೀಕ್ ಎಂದರೆ ಶಿಖರ. ಇಲ್ಲಿ ಕಚೇರಿಗೆ ಹೋಗಿಬರುವವರ ನೂಕುನುಗ್ಗಲಿನ ಹೊತ್ತು. ವಾರದ ದಿನಗಳ ಬೆಳಗಿನ ಹೊತ್ತು, ಕೆಲವೆಡೆ ಸಂಜೆಯ ಹೊತ್ತು ಇದರಲ್ಲಿ ಸೇರುತ್ತವೆ. ಆ ಹೊತ್ತನ್ನು ಬಿಟ್ಟು ಉಳಿದ ಗಾಡಿಗಳಿಗೆ ಈ ಟಿಕೆಟ್ಟು ಸಲ್ಲುತ್ತದೆ. ಗಂಟೆಗಳು ಮಾರ್ಗದಿಂದ ಮಾರ್ಗಕ್ಕೆ ಬೇರೆಯಾದುದರಿಂದ ಕೇಳಿಯೇ ತಿಳಿಯಬೇಕು. ಶನಿವಾರ, ಭಾನುವಾರ ಸಾಮಾನ್ಯವಾಗಿ ಅಡ್ಡಿಯಿಲ್ಲ. ದೂರದ ಊರಿಗೆ ಆಫ್-ಪೀಕ್ ರಿಟರ್ನ್ ಕೊಂಡರೆ, ಹೋಗುವುದು ನಮೂದಾದ ದಿನದಂದು, ಮರಳುವುದು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಎಂದಾದರೂ. ಹಲವು ಮಾರ್ಗಗಳಲ್ಲಿ ಹೋಗುವ ದರಕ್ಕೂ ಹೋಗಿಬರುವ ದರಕ್ಕೂ ಅತ್ಯಲ್ಪ ವ್ಯತ್ಯಾಸ. ನೆಂಟರ ಮನೆಗೆ ಹೋಗಿ, ಬರುವ ದಿನ ನಿಶ್ಚಯವಿಲ್ಲದ ನಮ್ಮಂಥವರಿಗೆ ಇದು ತಕ್ಕುದು.

ಮೂರನೆಯದು ಅಡ್ವಾನ್ಸ್. ಇದು ಮುಂಗಡವಲ್ಲ, ಒಂದೇ ದಿನದ, ಒಂದೇ ಹೊತ್ತಿನ, ಒಂದೇ ಗಾಡಿಗೆ ಕಟ್ಟಿಹಾಕಿದ ಅಗ್ಗದ ಟಿಕೆಟ್ಟು. ಇದನ್ನು ಮಿತ ಸಂಖ್ಯೆಯಲ್ಲಿ ಮಾರುತ್ತಾರೆ. ಹಣ ಹಿಂದಿರುಗುವುದಿಲ್ಲ, ಗಾಡಿ ಹೊರಡುವ ಮೊದಲು ಶುಲ್ಕವನ್ನೂ ದರದ ವ್ಯತ್ಯಾಸವನ್ನೂ ತೆತ್ತು ಬೇರೆ ಗಾಡಿಗೆ ಬದಲಿಸಿಕೊಳ್ಳಬಹುದು. ನಡುದಾರಿಯಲ್ಲಿ ಇಳಿದು ಊರು ನೋಡಿ ಮುಂದಿನ ಗಾಡಿ ಹತ್ತುವಂತಿಲ್ಲ. ಮುಂಚೆ ಬಂದ ಗಾಡಿಯೂ ಸಲ್ಲದು, ತಡವಾಗಿ ಬರುವುದೂ ಸಲ್ಲದು.

ಇವುಗಳ ಜೊತೆಗೆ ರೈಲ್‌ಕಾರ್ಡ್ ಎಂಬ ರಿಯಾಯಿತಿ ಚೀಟಿಗಳುಂಟು. ವರ್ಷಕ್ಕೊಮ್ಮೆ ಹಣ ಕೊಟ್ಟು ಪಡೆದರೆ ಹೆಚ್ಚಿನ ದರಗಳಲ್ಲಿ ಮೂರನೆಯ ಒಂದು ಪಾಲು ಇಳಿಯುತ್ತದೆ. 60 ವರ್ಷ ತುಂಬಿದವರಿಗೊಂದು, ಹೆಸರು ನೋಂದಾಯಿಸಿ ಜೊತೆಯಾಗಿ ಹೋಗುವ ಇಬ್ಬರಿಗೊಂದು ಇದೆ. ಈ ಎರಡನೆಯದು ವಾರದ ದಿನಗಳಲ್ಲಿ ಬೆಳಗ್ಗೆ 9.30ಕ್ಕೆ ಮೊದಲು ನಡೆಯದು. ಐದು ವರ್ಷದೊಳಗಿನ ಮಕ್ಕಳಿಗೆ ದರವಿಲ್ಲ. 5ರಿಂದ 15 ವರ್ಷದವರಿಗೆ ಸಾಮಾನ್ಯವಾಗಿ ಅರ್ಧ ದರ.

ತಪ್ಪಿದರೆ ಏನು? ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ದಂಡದರವು 100 ಪೌಂಡು ಮತ್ತು ಆ ಪಯಣದ ದರ. 21 ದಿನಗಳೊಳಗೆ ತೆತ್ತರೆ 100ರ ಬದಲು 50. ನನ್ನಿಂದ ಹೊಸ ಟಿಕೆಟ್ಟಿನ ಹಣವನ್ನು ಮಾತ್ರ ಪಡೆದ ಪರೀಕ್ಷಕರು ದಯಾಳುಗಳೆಂದು ನನಗೆ ಆಮೇಲೆ ಅರಿವಾಯಿತು.

ಬಸವಣ್ಣನವರ ಸನ್ನಿಧಿಗೆ

ಲಂಡನ್ ನಗರದೊಳಗಿನ ಕ್ರಮವೇ ಬೇರೆ. ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್ ಭಾಗದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿರುವ ಬಸವೇಶ್ವರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ಶ್ರೀ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ವಾಕ್ಸ್‌ಹಾಲ್ ನಿಲ್ದಾಣದಿಂದ ಅಲ್ಲಿಗೆ ನಡೆದುಹೋಗಬಹುದು. ನಗರದ ರೈಲಿಗೆ ಟಿಕೆಟ್ಟು ಕೊಳ್ಳಬೇಕಾಗಿಲ್ಲ. ಬ್ಯಾಂಕಿನ ಕಾರ್ಡನ್ನೋ ಆಯ್‌ಸ್ಟರ್ ಕಾರ್ಡನ್ನೋ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಯಂತ್ರಕ್ಕೆ ತಾಗಿಸಿದರೆ ದರ ತಾನಾಗಿ ಕಡಿತವಾಗುತ್ತದೆ. ಮೂರು ಎಚ್ಚರಗಳು ಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು. ಗಂಡಹೆಂಡಿರು ಒಂದನ್ನೇ ತಾಗಿಸುವಂತಿಲ್ಲ. ಒಳಗೆ ತಾಗಿಸಿದ ಕಾರ್ಡನ್ನೇ ಹೊರಗೂ ತಾಗಿಸಬೇಕು. ಹೊರಬರುವಾಗ ಮರೆತರೆ ಅತ್ಯಧಿಕ ದರ ಬೀಳುತ್ತದೆ.

ಕಿಟೆಲ್ಲರ ಊರಿನ ದಾರಿಯಲ್ಲಿ

ಅದೇ ಪ್ರವಾಸದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಆಹ್ವಾನದ ಮೇರೆಗೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದೆವು. ಕನ್ನಡಿಗನಿಗೆ ಅದು ಪರಕೀಯ ಸೀಮೆಯೆನಿಸದು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೊಗ್ಲಿಂಗರು 1881ರಲ್ಲಿ ತೀರಿಕೊಂಡ ಎಸ್‌ಲಿಂಗೆನ್ ಅಲ್ಲಿಗೆ ಸಮೀಪ. 1894ರಲ್ಲಿ ಪ್ರಕಟವಾದ ಮಹಾನಿಘಂಟಿನ ಕರ್ತೃ ಫರ್ಡಿನಂಡ್ ಕಿಟೆಲ್ಲರು ಕೊನೆಯ ದಿನಗಳನ್ನು ಕಳೆದು, 1903ರಲ್ಲಿ ಕಣ್ಮುಚ್ಚಿದ ಟ್ಯೂಬಿಂಗೆನ್ ರೈಲಿನಲ್ಲಿ ಅನತಿ ದೂರ.

ಜರ್ಮನರ ದರಗಳಲ್ಲಿಯೂ ನಮ್ಮ ಸೂತ್ರವೇ ನಡೆಯುತ್ತದೆ. ಫ್ಲೆಕ್ಸ್‌ಪ್ರೈಸ್ ಎಂಬುದು ಸ್ವತಂತ್ರ ದರ. ಸ್ಪಾರ್‌ಪ್ರೈಸ್ ಎಂದರೆ ಉಳಿತಾಯದ ದರ. ರದ್ದು ಮಾಡಿದರೆ ಶುಲ್ಕ ಕಳೆದು ಉಳಿದುದು ಬರುತ್ತದೆ. ಸೂಪರ್ ಸ್ಪಾರ್‌ಪ್ರೈಸ್ ಇನ್ನೂ ಅಗ್ಗ, ಅದನ್ನು ರದ್ದುಪಡಿಸುವಂತಿಲ್ಲ. ಕೊನೆಯ ಎರಡಕ್ಕೂ ಇರುವ ನಿಬಂಧನೆಯನ್ನು ಅವರು ತ್ಸುಗ್‌ಬಿಂಡುಂಗ್ ಎನ್ನುತ್ತಾರೆ. ತ್ಸುಗ್ ಎಂದರೆ ಗಾಡಿ, ಬಿಂಡುಂಗ್ ಎಂದರೆ ಬಂಧನ. ನಮ್ಮ ತತ್ಪುರುಷದಂಥ ಸಮಾಸ. ಇಂಗ್ಲಿಷಿನ ಅಡ್ವಾನ್ಸ್ ಬಚ್ಚಿಟ್ಟ ಅರ್ಥವನ್ನು ಈ ಪದ ಬಿಚ್ಚಿ ಹೇಳುತ್ತದೆ. ಅಲ್ಲಿ ಟಿಕೆಟ್ಟು ಬೇರೆ, ಆಸನ ಕಾಯ್ದಿರಿಸುವುದು ಬೇರೆ. ಎರಡನೆಯ ದರ್ಜೆಯಲ್ಲಿ ಆಸನಕ್ಕೆ ಪ್ರತ್ಯೇಕ ಹಣ ಕೊಡದಿದ್ದರೆ, ಟಿಕೆಟ್ಟಿದ್ದೂ ನಿಂತು ಹೋಗಬೇಕಾದೀತು.

ಟ್ಯೂಬಿಂಗೆನ್ನಿನಂಥ ಹತ್ತಿರದ ಊರುಗಳಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಚೀಟಿ ಅನುಕೂಲ. 2023ರ ಮೇ ತಿಂಗಳಲ್ಲಿ 49 ಯೂರೋಗಳಿಗೆ ಆರಂಭವಾದ ಅದರ ಬೆಲೆ 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಯಿತು. ದೇಶದ ಎಲ್ಲ ಪ್ರಾದೇಶಿಕ ಗಾಡಿಗಳಿಗೆ, ನಗರದ ಬಸ್ಸು ಟ್ರಾಮುಗಳಿಗೆ ಅದು ಸಲ್ಲುತ್ತದೆ. ದೂರ ಓಡುವ ಐಸಿಇ ಮೊದಲಾದ ವೇಗದ ಗಾಡಿಗಳಿಗೆ ಸಲ್ಲದು. ಅದು ಚಂದಾ ಕ್ರಮದ್ದಾದುದರಿಂದ ಹಿಂದಿನ ತಿಂಗಳ 10ನೆಯ ತಾರೀಖಿನೊಳಗೆ ಬೇಡವೆಂದು ತಿಳಿಸದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ.

ಇನ್ನೆರಡು ದೇಶಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಟಲಿಯಲ್ಲಿ ಪ್ರಾದೇಶಿಕ ಗಾಡಿಯ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆಯೊತ್ತಿಸಿಕೊಳ್ಳಬೇಕು, ಒತ್ತಿಸದಿದ್ದರೆ ದಂಡ. ಜಪಾನಿನಲ್ಲಿ ದೂರದ ದರ ಒಂದು, ವೇಗದ ಗಾಡಿಯ ಹೆಚ್ಚುವರಿ ದರ ಇನ್ನೊಂದು. ಎರಡೂ ಸೇರಿದರೆ ಮಾತ್ರ ಪಯಣ ಪೂರ್ಣ.

ಇಷ್ಟೆಲ್ಲ ಕಟ್ಟುಪಾಡು ಪ್ರಯಾಣಿಕನಿಗೆ ಮಾತ್ರವೇ ಎಂದರೆ ಹಾಗಿಲ್ಲ. ಬ್ರಿಟನ್ನಿನಲ್ಲಿ ಮೊದಲ ಗಾಡಿ ತಡವಾಗಿ ಮುಂದಿನ ಗಾಡಿ ತಪ್ಪಿದರೆ, ಅಡ್ವಾನ್ಸ್ ಟಿಕೆಟ್ಟಿನವರೂ ಅದರ ನಂತರದ ಗಾಡಿಗೆ ಹೆಚ್ಚು ಹಣ ಕೊಡದೆ ಹತ್ತಬಹುದು. ಜರ್ಮನಿಯಲ್ಲಿ ಗಮ್ಯಸ್ಥಾನಕ್ಕೆ 20 ನಿಮಿಷವಾದರೂ ತಡವಾಗುವುದೆಂದು ಕಂಡುಬಂದರೆ ಗಾಡಿಯ ಬಂಧನ ಕಳಚುತ್ತದೆ. ಮಾತಿಗೆ ಇಬ್ಬರೂ ಬದ್ಧರು.

ವಾಕ್ಯಾರ್ಥ

ವಾಕ್ಯದಿಂದ ಅರ್ಥವುಂಟಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಟಿಕೆಟ್ಟೂ ಒಂದು ವಾಕ್ಯವೇ. ಅಡ್ವಾನ್ಸ್ ಎಂಬ ಪದ ಕಂಡೊಡನೆ 'ಯಾವ ಗಾಡಿ?' ಎಂಬ ಆಕಾಂಕ್ಷೆ ಹುಟ್ಟಬೇಕು. ಆಫ್-ಪೀಕ್ ಎಂದೊಡನೆ 'ಯಾವ ಹೊತ್ತು?' ಎಂದು ಕೇಳಬೇಕು. ಎಂಟು ಗಂಟೆಯ ಗಾಡಿಯಲ್ಲಿ ಒಂಬತ್ತೂವರೆಯ ಅನಂತರದ ರಿಯಾಯಿತಿಯನ್ನು ತೋರಿಸಿದರೆ, 'ಬೆಂಕಿಯಿಂದ ನೆನೆಸುತ್ತಾನೆ' ಎಂಬ ವಾಕ್ಯದಂತೆ ಅಲ್ಲಿ ಯೋಗ್ಯತೆಯಿಲ್ಲ. ಟಿಕೆಟ್ಟು, ಆಸನದ ಚೀಟಿ, ರಿಯಾಯಿತಿಯ ಕಾರ್ಡು ಮೂರೂ ಪ್ರಯಾಣಿಕನ ಬಳಿಯೇ ಇರಬೇಕು. ಮನೆಯಲ್ಲಿ ಬಿಟ್ಟುಬಂದ ಕಾರ್ಡಿಗೆ ಸನ್ನಿಧಿಯಿಲ್ಲ. ಮಗ ಟಿಕೆಟ್ಟು ಕೊಂಡುಕೊಟ್ಟನೆಂದು ತಂದೆತಾಯಿಗಳು ಸುಮ್ಮನಾಗದೆ ಈ ಮೂರನ್ನೂ ಕೇಳಿ ತಿಳಿಯಲಿ. ಮಕ್ಕಳಾದರೂ ಅಗ್ಗವೆಂಬ ಒಂದೇ ಕಾರಣಕ್ಕೆ ವೃದ್ಧರನ್ನು ಒಂದು ಗಾಡಿಗೆ ಕಟ್ಟಿಹಾಕದಿರಲಿ.

ಅಂದಿನ ಎರಡು ಟಿಕೆಟ್ಟುಗಳನ್ನೂ, ಸಲ್ಲದೆ ಹೋದದ್ದನ್ನೂ ಹೊಸದಾಗಿ ಕೊಂಡದ್ದನ್ನೂ, ನನ್ನ 'ಶಬ್ದಮಣಿದರ್ಪಣ'ದ ಪ್ರತಿಯೊಳಗೆ ಇಟ್ಟುಕೊಂಡಿದ್ದೇನೆ. ಹತ್ತನೆಯ ತರಗತಿಗೆ ಶಬ್ದಾರ್ಥದ ಪಾಠ ಬಂದಾಗ ಅವನ್ನು ಮಕ್ಕಳ ಕೈಗೆ ಕೊಟ್ಟು, ಎರಡಕ್ಕೂ ಇರುವ ಭೇದವೇನೆಂದು ಕೇಳುತ್ತೇನೆ. ರೈಲನ್ನೇ ಕಾಣದ ಮಕ್ಕಳೂ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದುತ್ತಾರೆ. ನಾನು ಅಂದು ಮಾಡಬೇಕಾಗಿದ್ದುದೂ ಅಷ್ಟೇ.